ಕಸ್ತೂರೆವ್ವ ಯಾಕೆ ನುಗ್ಗಿದಳು

ಮಹಾನೆರೆ ಇಳಿದ ಮೇಲೆ ಆರನೆಯ ತಲೆಮಾರು,
ಮಳೆಗಾಲದ ಒಂಬತ್ತನೆಯ ತಿಂಗಳು,
ದಿಬ್ಬದೂರು.

ಎಣ್ಣೆಯ ಬಂಕಿನ ಮುಂದೆ ಸಾಲಿನಲ್ಲಿ ನಿಂತಿರುವ ನಮ್ಮ ಹಿರಿಯರೆಲ್ಲರಿಗೆ ನುಗ್ಗಿನವರ ಮನೆಯ ಬಾಳವ್ವ ಕೈಮುಗಿದು ಬರೆಯುವುದು.

ಮೇಲಿನ ತಾರೀಖು ನೋಡಿ ನಗಬೇಡಿ. ಮಳೆಗಾಲಕ್ಕೆ ಒಂಬತ್ತನೆಯ ತಿಂಗಳು ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಿಮ್ಮ ಕಾಲದಲ್ಲಿ ಅದು ನಾಲ್ಕು ತಿಂಗಳಿಗೇ ಮುಗಿಯುತ್ತಿತ್ತಂತೆ, ಕೆಲವು ವರ್ಷ ಬಾರದೆಯೂ ಇರುತ್ತಿತ್ತಂತೆ. ಕೃಷ್ಣೆಯ ದಂಡೆಯ ಈ ಎರೆ ನೆಲದಲ್ಲಿ ಜನ ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡುತ್ತಿದ್ದರು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ನನ್ನ ಮಾತು ಕೂಡ ನಿಮಗೆ ಒಗಟಿನಂತೆ ಕಂಡರೆ ಕ್ಷಮಿಸಬೇಕು. ಶಬ್ದಗಳು ನಿಮ್ಮವೇ, ಅರ್ಥ ಮಾತ್ರ ನಮ್ಮದು. ನಮ್ಮ ಊರಲ್ಲಿ ಬಂಕು ಅಂದರೆ ನ್ಯಾಯ ಹೇಳುವ ಕಟ್ಟೆ. ಸುಳ್ಳು ಆಸೆ ಹುಟ್ಟಿಸುವವನಿಗೆ 'ಟ್ಯಾಂಕರ್ ತಂದ' ಎನ್ನುತ್ತೇವೆ. ಯಾರಾದರೂ ತೀರಿಕೊಂಡರೆ, ಆ ಮಾತನ್ನು ನೇರವಾಗಿ ಆಡಬಾರದೆಂದು, 'ನೋಸ್ಟಾಕಾದರು' ಎನ್ನುತ್ತೇವೆ. ನೀವು ನಿಂತಿರುವ ಬಂಕಿನಲ್ಲಿ ಎಣ್ಣೆ ತೀರಿದಾಗ ಒಂದು ರಟ್ಟಿನ ಮೇಲೆ 'ನೋ ಸ್ಟಾಕ್' ಎಂದು ಬರೆದು ತೂಗುಹಾಕುತ್ತಿದ್ದರಂತೆ. ಅದನ್ನು ಓದಿದ ದೊಡ್ಡವರ ಮುಖ ನೋಡಿ ಆ ಕಾಲದ ಮಕ್ಕಳು ಅದಕ್ಕೆ ಈ ಅರ್ಥ ಹಚ್ಚಿಕೊಂಡರು.

ಆ ಬಂಕಿನ ನೆಲದೊಳಗಿನ ತೊಟ್ಟಿ ಇನ್ನೂ ಇದೆ, ಖಾಲಿ. ಹಿರಿಯರಿಗೆ ಏನಾದರೂ ಹೇಳುವುದಿದ್ದರೆ ಬರೆದು ಅದರ ಬಾಯಿಗೆ ಹಾಕುವುದು ನಮ್ಮ ಪದ್ಧತಿ. ಇಂದಿನ ತನಕ ಯಾರಿಗೂ ಉತ್ತರ ಬಂದದ್ದಿಲ್ಲ. ಬಂದಿದ್ದರೆ ನಾನು ಇಷ್ಟು ಸಿಟ್ಟಿನಲ್ಲಿ ಬರೆಯಲು ಕೂರುತ್ತಿರಲಿಲ್ಲ.

ನೀವು ಎಂಥವರೆಂದು ನಮಗೆ ಚೆನ್ನಾಗಿ ಗೊತ್ತು, ಏಕೆಂದರೆ ನಮ್ಮ ಮನೆತನಗಳ ಹೆಸರೆಲ್ಲ ನೀವು ಸಾಲಿನಲ್ಲಿ ಇಟ್ಟುಹೋದ ಸಾಮಾನುಗಳದ್ದು. ಊಟಕ್ಕೋ ಬಯಲಕಡೆಗೋ ಹೋಗುವಾಗ ಜಾಗ ಕಳೆಯಬಾರದೆಂದು ಒಬ್ಬರು ಇಟ್ಟಿಗೆ ಇಟ್ಟಿರಿ, ಒಬ್ಬರು ಚಪ್ಪಲಿ ಬಿಟ್ಟಿರಿ, ಒಬ್ಬರು ಡಬ್ಬಿ ಇಟ್ಟಿರಿ. ಈಗ ಊರಿನಲ್ಲಿ ಇಟ್ಟಿಗೆಯವರು, ಚಪ್ಪಲಿಯವರು, ಡಬ್ಬಿಯವರು, ಹೆಲ್ಮೆಟ್ಟಿನವರು ಇದ್ದಾರೆ. ಹೆಲ್ಮೆಟ್ ಅಂದರೆ ಏನೆಂದು ಹೆಲ್ಮೆಟ್ಟಿನವರಿಗೇ ಗೊತ್ತಿಲ್ಲ. ಜೋಳ ಅಳೆಯುವ ಪಾತ್ರೆ ಇರಬೇಕೆಂದು ಅವರ ನಂಬಿಕೆ. ಮದುವೆಯ ವೀಳ್ಯ, ಊಟದ ಪಂಕ್ತಿ, ಬೀಜದ ಹಂಚಿಕೆ ಎಲ್ಲವೂ ಆ ಸಾಲಿನ ಪ್ರಕಾರವೇ. ಮುಂದೆ ಇದ್ದವರ ಮಕ್ಕಳು ಮುಂದೆ, ಹಿಂದೆ ಇದ್ದವರ ಮಕ್ಕಳು ಹಿಂದೆ. ನಮ್ಮ ಮನೆಗೆ ಮಾತ್ರ ಸಾಮಾನಿನ ಹೆಸರಿಲ್ಲ. ನಾವು ನುಗ್ಗಿನವರು, ಅಂದರೆ ಸಾಲು ಮುರಿದು ನುಗ್ಗಿದವಳ ವಂಶದವರು, ಎಲ್ಲರಿಗಿಂತ ಕೊನೆಗೆ ನಿಲ್ಲಬೇಕಾದವರು. ನಮ್ಮ ಹೆಣ್ಣು ಮಾಡಿಕೊಂಡವರೂ ತಮ್ಮ ಜಾಗ ಬಿಟ್ಟು ಕೊನೆಗೆ ಬರಬೇಕು. ಹುಡುಗರು ನಮ್ಮ ಬಾಗಿಲ ಮುಂದೆ ಹಾಯುವಾಗ 'ನುಗ್ಗಿಕಾಯಿ, ನುಗ್ಗಿಕಾಯಿ' ಎಂದು ಕೂಗುತ್ತಾರೆ. ನನ್ನಪ್ಪ, ಪುಣ್ಯಾತ್ಮ, ಸಾಯುವ ತನಕ ನುಗ್ಗೆಕಾಯಿ ಸಾರು ಬಾಯಿಗೆ ಹಾಕಲಿಲ್ಲ.

ನೀವು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಳೆ ಎರಡೂ ಕಡೆಯ ಸೇತುವೆ ಮುಳುಗಿಸಿದ ದಿನ ನೀವೇ ಟ್ರ್ಯಾಕ್ಟರ್ ಹೂಡಿಕೊಂಡು ಹೋಗಿ ಕೆಳಗಿನ ಹಳ್ಳಿಗಳ ಮುದುಕರನ್ನು, ಎಮ್ಮೆಗಳನ್ನು ದಿಬ್ಬಕ್ಕೆ ಏರಿಸಿದಿರಿ. ಗುರುತಿಲ್ಲದವರಿಗೆ ರೊಟ್ಟಿ ಬಡಿದು ಕೊಟ್ಟಿರಿ. ಆಮೇಲೆ ಯಾರೋ ಒಬ್ಬರು ಬಂಕಿನಾಗ ಎಣ್ಣಿ ಮುಗಿಯಾಕ ಬಂದೈತಿ ಅಂದರು. ಅಲ್ಲಿಗೆ ನಿಮ್ಮ ಮುಖಗಳೇ ಬೇರೆಯಾದವು. ಗಾಡಿಯ ಹೊಟ್ಟೆ ತುಂಬಿದ್ದವರೂ ಓಡಿಬಂದಿರಿ, ಗಾಡಿಯೇ ಇಲ್ಲದವರೂ ಓಡಿಬಂದಿರಿ. ಕೊಡ, ಹಾಲಿನ ಕ್ಯಾನು, ಕುಕ್ಕರು, ಕೈಗೆ ಸಿಕ್ಕಿದ್ದಕ್ಕೆಲ್ಲ ತುಂಬಿಸಿಕೊಂಡಿರಿ. ನಾಲ್ಕೂ ದಿಕ್ಕಿಗೆ ನೀರು, ಹೋಗಲು ರಸ್ತೆ ಇಲ್ಲ. ಆದರೂ ಎಣ್ಣೆ ಮನೆಯಲ್ಲಿದ್ದರೆ ಧೈರ್ಯ ಎಂದಿರಿ. ಜಗಲಿಯ ಕೆಳಗೆ, ದೇವರ ಜಗಲಿಯ ಹಿಂದೆ, ಹಾಸಿಗೆಯ ಸಂದಿಯಲ್ಲಿ ಬಚ್ಚಿಟ್ಟಿರಿ. ದವಾಖಾನೆಯ ಜನರೇಟರಿಗೆ ಬೇಕೆಂದು ಡಾಕ್ಟರಮ್ಮ ಮನೆಮನೆಗೆ ಬಂದಾಗ ಎಲ್ಲರೂ ಖಾಲಿ ಡಬ್ಬಿಯನ್ನೇ ತಂದು ತೋರಿಸಿದಿರಿ. ಮುಂದೆ ಏನಾಗುತ್ತದೆಂದು ನಾನು ಹೇಳುತ್ತೇನೆ ಕೇಳಿ. ಬಚ್ಚಿಟ್ಟದ್ದರಲ್ಲಿ ಮುಕ್ಕಾಲು ಪಾಲು ಯಾರ ಉಪಯೋಗಕ್ಕೂ ಬರುವುದಿಲ್ಲ. ಮುಚ್ಚಳ ಸಡಿಲವಿದ್ದದ್ದು ಗಾಳಿಗೆ ಹೋಗುತ್ತದೆ, ಉಳಿದದ್ದು ನೀರು ಸೇರಿ ಕೆಡುತ್ತದೆ, ಚಪ್ಪಲಿಯವರ ಮನೆ ಅದರಿಂದಲೇ ಸುಡುತ್ತದೆ.

ಇನ್ನು ಸ್ವಲ್ಪ ಹೊತ್ತಿಗೋ ನಾಳೆಯೋ ಕಸ್ತೂರೆವ್ವ ಅಲ್ಲಿಗೆ ಬರುತ್ತಾಳೆ. ನಮ್ಮ ವಂಶದ ಮೂಲ ಅವಳು. ಸೀರೆ ಸೊಂಟದ ತನಕ ತೊಯ್ದಿರುತ್ತದೆ, ಕೈಯಲ್ಲಿ ಒಂದು ಹಳದಿ ಡಬ್ಬಿ ಇರುತ್ತದೆ. ಯಾರ ಮುಖವನ್ನೂ ನೋಡದೆ ಸೀದಾ ಸಾಲಿನ ಮುಂದಕ್ಕೆ ನುಗ್ಗಿ ಡಬ್ಬಿ ಒಡ್ಡಿ ಎಣ್ಣೆ ತುಂಬಿಸಿಕೊಳ್ಳುತ್ತಾಳೆ. ನೀವು ಬಾಯಿಗೆ ಬಂದಂತೆ ಬೈಯುತ್ತೀರಿ. ಏನೇನು ಬೈದಿರೆಂದು ಒಂದಕ್ಷರ ಬಿಡದೆ ನಮ್ಮ ತನಕ ಬಂದಿದೆ. ಅದನ್ನು ಬರೆಯಲು ನನಗೆ ನಾಚಿಕೆ. ಯಾರೋ ಕೂದಲು ಹಿಡಿದು ಜಗ್ಗುತ್ತೀರಿ, ಡಬ್ಬಿಯದು ಅರ್ಧ ಚೆಲ್ಲುತ್ತದೆ. ಉಳಿದದ್ದನ್ನು ಎದೆಗೆ ಅವಚಿಕೊಂಡು ಅವಳು ನೀರಿನ ಕಡೆಗೆ ಓಡುತ್ತಾಳೆ. ಅದೇ ವಾರ ಜ್ವರ ಬಂದು ಅವಳು ಹೋಗಿಬಿಡುತ್ತಾಳೆ, ಅವಳ ಮಕ್ಕಳು ಆಗ ಇನ್ನೂ ಮಾತು ಕಲಿಯುವ ಕೂಸುಗಳು. ಬೈಗಳನ್ನೆಲ್ಲ ಕಾಪಾಡಿಕೊಂಡು ಬಂದ ಊರಿಗೆ ಅವಳು ಯಾಕೆ ನುಗ್ಗಿದಳೆಂಬುದು ಮಾತ್ರ ಗೊತ್ತಿಲ್ಲ. ಅಷ್ಟು ಜನ ನಿಂತಿದ್ದಿರಿ, ಒಬ್ಬರೂ ಕೇಳಲಿಲ್ಲ.

ಹಳೆಯ ಕಥೆ, ಈಗ ಅದನ್ನು ಕಟ್ಟಿಕೊಂಡು ಏನಾಗಬೇಕು ಎನ್ನುತ್ತೀರೇನೋ. ಏನಾಗಬೇಕೆಂದು ಹೇಳುತ್ತೇನೆ. ನಮ್ಮಲ್ಲಿ ಉರಿನೀರು ಇಲ್ಲ. ನಿಮ್ಮ ಎಣ್ಣೆಗೆ ನಾವು ಇಟ್ಟ ಹೆಸರು ಅದು. ಕಟ್ಟಿಗೆ ಬೇಕಾದಷ್ಟಿದೆ, ದಿಬ್ಬದ ಸುತ್ತ ಬಳ್ಳಾರಿ ಜಾಲಿ ಕಾಡಿನಂತೆ ಬೆಳೆದಿದೆ, ಆದರೆ ಒಣಗಿದ್ದು ಒಂದು ಕಡ್ಡಿಯೂ ಸಿಗುವುದಿಲ್ಲ. ಸೆಗಣಿಯ ಕುಳ್ಳು ತಟ್ಟಿದರೆ ಆರುವ ಮೊದಲೇ ಹುಳ ಬೀಳುತ್ತದೆ. ಗೋಡೆಗಳು ಬೆವರುತ್ತವೆ, ಉಪ್ಪು ನೀರಾಗುತ್ತದೆ, ಒಗೆದ ಬಟ್ಟೆಯನ್ನು ಹಸಿಯಾಗಿಯೇ ಉಟ್ಟು ಮೈಯಲ್ಲೇ ಆರಿಸಿಕೊಳ್ಳುತ್ತೇವೆ. ಹೀಗಾಗಿ ಮನೆಮನೆಗೆ ಒಲೆ ಹೊತ್ತಿಸುವುದನ್ನು ಬಿಟ್ಟು ತುಂಬಾ ಕಾಲವಾಯಿತು. ಇಡೀ ಊರಿಗೆ ಒಂದೇ ಬೆಂಕಿ, ಅದು ಇರುವ ಜಾಗಕ್ಕೆ ಕೆಂಡದ ಮನೆ ಎನ್ನುತ್ತೇವೆ. ಬೇಸಿಗೆಯ ಮೂರು ತಿಂಗಳಲ್ಲಿ ಎಲ್ಲರೂ ಕಡಿದು ಒಣಗಿಸಿದ ಕಟ್ಟಿಗೆ ಅದರ ಅಟ್ಟದ ಮೇಲಿರುತ್ತದೆ. ಹೊತ್ತು ಇಳಿಯುವಾಗ ಮಣ್ಣಿನ ಕುಡಿಕೆ ಹಿಡಿದು ಸಾಲು ನಿಲ್ಲುತ್ತೇವೆ, ಮನೆಗೆ ಒಂದು ಕುಡಿಕೆ ಕೆಂಡ. ಅದರಲ್ಲೇ ಅಂಬಲಿ ಕಾಯಬೇಕು, ಅದರಲ್ಲೇ ನೀರು ಕಾಯಬೇಕು, ಅದರಲ್ಲೇ ಕೂಸಿನ ಬಟ್ಟೆ ಆರಬೇಕು. ನೀವು ಎದುರಾದವರನ್ನು ಊಟ ಆಯ್ತಾ ಎಂದು ಕೇಳುತ್ತಿದ್ದಿರಂತೆ, ನಾವು ಕೆಂಡ ಸಿಕ್ಕಿತಾ ಎಂದು ಕೇಳುತ್ತೇವೆ. ನಮ್ಮ ಮನೆಯವರನ್ನು ಹಾಗೆ ಕೇಳುವವರು ಕಡಿಮೆ, ಉತ್ತರ ಅವರಿಗೆ ಗೊತ್ತೇ ಇರುತ್ತದೆ.

ಹೋದ ಮಳೆಗಾಲದಲ್ಲಿ ನನ್ನ ಮಗಳು ನಿಂಬೆಕ್ಕ ಹಡೆದಳು. ಗಂಡು ಕೂಸು, ತಲೆತುಂಬ ಕೂದಲು. ನಾನು ಸಾಲಿನ ಕೊನೆಯಲ್ಲಿ ಕುಡಿಕೆ ಹಿಡಿದು ಮರ್ಯಾದೆಯಿಂದ ನಿಂತಿದ್ದೆ. ನನ್ನ ಪಾಳಿ ಬಂದಾಗ ಕೆಂಡ ತೀರಿತ್ತು. ಮನೆಗೆ ಬಂದು ಕೂಸನ್ನು ಅವಳ ಎದೆಗೆ, ನನ್ನ ಎದೆಗೆ, ಅಳಿಯನ ಎದೆಗೆ ಒತ್ತಿಕೊಂಡು ಬೆಚ್ಚಗೆ ಮಾಡಲು ನೋಡಿದೆವು. ನಮ್ಮ ಮೈಗಳೇ ತಣ್ಣಗಿದ್ದವು. ಬೆಳಗಾಗುವಷ್ಟರಲ್ಲಿ ಕೂಸು ಇರಲಿಲ್ಲ. ಜನ ಬಂದು ಕೇಳಿದಾಗ ನೋಸ್ಟಾಕಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ, ಸತ್ತುಹೋಯಿತು ಎಂದೇ ಹೇಳಿದೆ. ಆ ಮಾತು ಕೇಳಿ ಮುಖ ಸಿಂಡರಿಸಿಕೊಂಡು ಹೋದರು.

ನಿಂಬೆಕ್ಕನಿಗೆ ಈಗ ಮತ್ತೆ ದಿನ ತುಂಬಿವೆ. ಅದರ ಮೇಲೆ ಈ ಸಲ ಹೊಳೆ ದಿಬ್ಬವನ್ನೇ ಹತ್ತಿ ಬಂದು ಕೆಂಡದ ಮನೆಯ ಒಂದು ಗೋಡೆಯನ್ನೂ ಅಟ್ಟದ ಕಟ್ಟಿಗೆಯನ್ನೂ ಒಯ್ದಿದೆ. ಬೆಂಕಿ ಉಳಿದಿದೆ, ಉಣಿಸಲು ಕಟ್ಟಿಗೆ ಇಲ್ಲ. ಅದಕ್ಕೇ ಈ ಒಂದು ಸಲ ನಮ್ಮನ್ನು ಮುಂದೆ ನಿಲ್ಲಲು ಬಿಡಿ ಎಂದು ಕೇಳಲು ನಾನು ಹೆಲ್ಮೆಟ್ಟಿನವರ ಚಂದ್ರಗೌಡನ ಬಳಿಗೆ ಹೋದೆ. ಸಾಲಿನ ಮೊದಲ ಮನೆಯ ಯಜಮಾನ, ಬಂಕಿನಲ್ಲಿ ನ್ಯಾಯ ಹೇಳುವವನು. ಕೆಟ್ಟ ಮನುಷ್ಯನಲ್ಲ, ಕಷ್ಟವಿರುವುದೇ ಅಲ್ಲಿ. ಕೂಡಿಸಿದ, ಮಜ್ಜಿಗೆ ಕೊಟ್ಟ, ಮೆತ್ತಗೆ ಹೇಳಿದ: 'ಅಕ್ಕಾ, ಸಾಲು ಅಂದ್ರ ಸಾಲು. ಒಬ್ಬರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತೈತಿ. ನಿಮ್ಮ ಕಸ್ತೂರೆವ್ವ ಯಾಕ ನುಗ್ಗಿದ್ಲು ಅಂತ ಖರೇ ಕಾರಣ ಹೇಳು. ಕಾರಣ ಯೋಗ್ಯ ಇತ್ತಂದ್ರ ನಿಮ್ಮ ಮನಿ ಜಾಗ ನಾನ ನಿಂತು ಬದಲ ಮಾಡಸ್ತೀನಿ.' ನನ್ನ ಅಜ್ಜಿಗೂ ಇದೇ ಕಟ್ಟೆಯ ಮೇಲೆ ಇದೇ ಪ್ರಶ್ನೆ ಕೇಳಿದ್ದರು. ಅವಳ ಹಾಗೆಯೇ ನಾನೂ ಮಜ್ಜಿಗೆ ಕುಡಿದು ಎದ್ದು ಬಂದೆ.

ಕಾರಣಗಳಿಗೇನೂ ನಮ್ಮ ಮನೆಯಲ್ಲಿ ಬರವಿಲ್ಲ. ಅಜ್ಜಿ ಹೇಳುತ್ತಿದ್ದದ್ದು, ನೀರಲ್ಲಿ ಮುಳುಗಿದ ಮನೆಯ ಮಾಳಿಗೆಯ ಮೇಲೆ ಒಬ್ಬ ಬಸುರಿ ಸಿಕ್ಕಿಕೊಂಡಿದ್ದಳು, ಅವಳನ್ನು ತರಲು ಮೋಟಾರು ದೋಣಿಗೆ ಎಣ್ಣೆ ಬೇಕಿತ್ತು ಎಂದು. ಸೋದರತ್ತೆ ಹೇಳುತ್ತಿದ್ದದ್ದು, ಒದ್ದೆ ಕಟ್ಟಿಗೆಯ ಮೇಲೆ ಗಂಡನ ಹೆಣ ಸುಡಬೇಕಿತ್ತು ಎಂದು. ಚಪ್ಪಲಿಯವರು ಹೇಳುವುದು, ಮಾರಿಕೊಳ್ಳಲು ಒಯ್ದಳು ಎಂದು. ನನ್ನನ್ನು ಕೇಳಿದರೆ ಸುಮ್ಮನೆ ಹೆದರಿದ್ದಳೇನೋ, ನಿಮ್ಮೆಲ್ಲರ ಹಾಗೆ. ಬಸುರಿಯ ಕಥೆಯನ್ನೇ ಗಟ್ಟಿಯಾಗಿ ಹೇಳಿಬಿಡಿ ಅತ್ತೆ, ಯಾರು ನೋಡಿದ್ದಾರೆ ಎಂದು ಅಳಿಯ ಅಂದ. ಪಾಪ, ಇಟ್ಟಿಗೆಯವರ ಹುಡುಗ, ನಮ್ಮ ನಿಂಬೆಕ್ಕನಿಗಾಗಿ ಒಳ್ಳೆಯ ಜಾಗ ಬಿಟ್ಟು ಬಂದವನು. ಹೇಳಬಹುದು. ಆದರೆ ಚಂದ್ರಗೌಡ ಸಾಕ್ಷಿ ಯಾರು ಎನ್ನುತ್ತಾನೆ. ಕಣ್ಣಾರೆ ಕಂಡ ಸಾಕ್ಷಿ ನೀವು ಮಾತ್ರ.

ಊರು ಈಗ ಹೇಗಿದೆಯೆಂದರೆ, ನಿಮ್ಮನ್ನು ನೋಡಿದ ಹಾಗೇ ಆಗುತ್ತದೆ. ಮುಂದಿನ ಮನೆಗಳವರು ಒಂದರ ಬದಲು ಎರಡೆರಡು ಕುಡಿಕೆ ತುಂಬಿಸಿಕೊಳ್ಳುತ್ತಿದ್ದಾರೆ, ನಾಳೆ ಸಿಗದಿದ್ದರೆ ಎಂದು. ಕೆಂಡವನ್ನು ನಾಳೆಗೆ ಇಡಲು ಬರುತ್ತದೆಯೇ? ಮುಚ್ಚಿಟ್ಟಲ್ಲೇ ಬೂದಿಯಾಗುತ್ತದೆ. ನಿನ್ನೆ ಡಬ್ಬಿಯವರ ಹಿತ್ತಲಲ್ಲಿ ಚೆಲ್ಲಿದ್ದ ಬೂದಿಯನ್ನು ನಾನು ಕೈಯಾರೆ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಕಸ್ತೂರೆವ್ವನಿಗೆ ಜಾಗ ಬಿಡಿ ಎಂದು ಕೇಳುತ್ತಿಲ್ಲ, ನಿಮ್ಮ ಭಯ ನಿಮಗಿರುತ್ತದೆ. ಅವಳು ಬಂದಾಗ ಬೈಯುವವರು ಬೈಯಲಿ. ನಿಮ್ಮಲ್ಲಿ ಒಬ್ಬರು, ಒಬ್ಬರೇ ಸಾಕು, ಯಾಕವಾ, ಏನಾಗೇತಿ ಎಂದು ಅವಳನ್ನು ಕೇಳಿ. ಅವಳು ಏನು ಹೇಳುತ್ತಾಳೋ ಅದನ್ನು ನಿಮ್ಮ ಮಕ್ಕಳಿಗೆ ಹೇಳಿ. ಕಾರಣ ಯೋಗ್ಯವಾಗಿಲ್ಲದಿದ್ದರೂ ಹೇಳಿ. ಹೆದರಿಕೆಯಾಗಿತ್ತು ಎಂದಷ್ಟೇ ಅಂದರೂ ಹೇಳಿ, ಆಗ ಅವಳೂ ನಿಮ್ಮಂಥವಳೇ ಎಂದಾದರೂ ಊರಿಗೆ ಗೊತ್ತಾಗುತ್ತದೆ.

ಉತ್ತರಕ್ಕೆ ಕಾಯುವಷ್ಟು ಹೊತ್ತು ನನಗಿಲ್ಲ. ಒಳಗೆ ನಿಂಬೆಕ್ಕನಿಗೆ ನೋವು ಶುರುವಾಗಿದೆ, ಹಲ್ಲು ಕಚ್ಚಿಕೊಂಡಿದ್ದಾಳೆ, ಸಾಲಿನ ಹೊತ್ತೂ ಆಗುತ್ತಾ ಬಂದಿದೆ. ಈ ಪತ್ರವನ್ನು ತೊಟ್ಟಿಗೆ ಹಾಕಿ ಅಲ್ಲಿಂದಲೇ ಕೆಂಡದ ಮನೆಗೆ ಹೋಗುತ್ತೇನೆ. ಸಾಲಿನ ಕೊನೆಗಲ್ಲ, ಮುಂದಕ್ಕೆ. ನನಗೆ ವಯಸ್ಸಾಗಿದೆ, ದೂಡಿದರೆ ಬೀಳುತ್ತೇನೆ, ಬಿದ್ದರೂ ಕುಡಿಕೆ ಬಿಡುವುದಿಲ್ಲ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲವೆಂದು ಗೊತ್ತಿದೆ. ಅದಕ್ಕೇ ಕೇಳದಿದ್ದರೂ ಇಲ್ಲಿ ಹೇಳಿ ಹೋಗುತ್ತೇನೆ, ನೀವಾದರೂ ನೆನಪಿಟ್ಟುಕೊಳ್ಳಿ: ನುಗ್ಗಿನವರ ಬಾಳವ್ವ ನುಗ್ಗಿದ್ದು ಮಗಳ ಕೂಸಿಗೆ ಬಿಸಿನೀರು ಬೇಕಾಗಿತ್ತು ಅಂತ.