ಮೊದಲ ಕಾಲು ಗಂಟೆ

ಮಾರ್ಚ್ ೯, ಭಾನುವಾರ
ಟಿಕೆಟ್ ಕಿಟಕಿಯ ಪಕ್ಕದ ಸ್ಟೂಲಿನಿಂದ

ನನ್ನ ಅಕ್ಕನ ಮಗಳೂ, ನನ್ನ ಕಾಗುಣಿತದ ತಪ್ಪು ಎಣಿಸುವ ನರ್ಸಮ್ಮನೂ ಆದ ಗುಬ್ಬಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ನಿನ್ನಮ್ಮ ಆ ಕನ್ನಡಕದ ಅಂಗಡಿಯವರನ್ನು ಮದುವೆಯಾಗಬೇಕೆಂದಿದ್ದಾಳೆ, ಅದೂ ನೀನು ಒಪ್ಪಿದರೆ ಮಾತ್ರ. ನೀನು ನೋಡಿದರೆ, "ಮಾವ, ಆ ಮನುಷ್ಯ ಹೇಗೆ ಅಂತ ನೀನೇ ಹೇಳು, ಹಾಗೇ ಬರೀತೀನಿ" ಎಂದು ನನ್ನ ತಲೆಗೆ ಕಟ್ಟಿದ್ದೀಯ. ಸರಿಯಾದವನನ್ನೇ ಕೇಳಿದೆ ಬಿಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ, ಇಪ್ಪತ್ತೆಂಟು ವರ್ಷದಿಂದ ಈ ಟಾಕೀಸಿನ ಗೇಟಿನಲ್ಲಿ ಟಾರ್ಚ್ ಹಿಡಿದು ನಿಂತು ನಾನು ನೋಡಿದಷ್ಟು ಖಳನಾಯಕರನ್ನು ಪೊಲೀಸರೂ ನೋಡಿಲ್ಲ.

ಈಗಿನ ನಿರ್ದೇಶಕರಿಗೆ ಖಳನನ್ನು ಆರಿಸುವುದೇ ಗೊತ್ತಿಲ್ಲ. ಮೊದಲೆಲ್ಲ ಖಳ ಬರುವ ಮುಂಚೆ ಅವನ ಬೂಟು ಬರುತ್ತಿತ್ತು, ಟಕ ಟಕ ಎಂದು. ಹಾಲು ಕುಡಿಯುವ ಮಗುವೂ ಗುರುತು ಹಿಡಿಯುತ್ತಿತ್ತು. ಈಗಿನವನು ಮೆತ್ತಗೆ ಮಾತಾಡುತ್ತಾನೆ, ಗಾಜಿನ ತೊಟ್ಟಿಯ ಮೀನಿಗೆ ಕಾಳು ಹಾಕುತ್ತಾನೆ, ಇಂಟರ್‌ವಲ್ ಹೊತ್ತಿಗೆ ಬೆನ್ನಿಗೆ ಚೂರಿ. ಮೊನ್ನೆಯ ಚಿತ್ರದಲ್ಲಿ ನಾಯಕನ ಅಪ್ಪನ ಪಾತ್ರಕ್ಕೆ ನಾಯಕನಿಗಿಂತ ಚಿಕ್ಕವನನ್ನು ಹಾಕಿ ತಲೆಗೆ ಸುಣ್ಣ ಬಳಿದಿದ್ದರು. ಅದನ್ನಾದರೂ ಕ್ಷಮಿಸಬಹುದು, ಮೆತ್ತಗಿನ ಖಳನನ್ನು ನಂಬಲಾಗದು.

ಈಗ ನಿನ್ನ ಕನ್ನಡಕದವರನ್ನು ತಗೊ. ಟಾರ್ಚ್ ಹಿಡಿಯುವವನು ಜನರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಅವರದು ರಬ್ಬರ್ ಅಟ್ಟೆ, ನಡೆದರೆ ಸದ್ದೇ ಇಲ್ಲ. ನಿನ್ನಮ್ಮನಿಗೆ ಪರದೆಯ ಮೇಲಿನ ಅಕ್ಷರ ಮಂಜಾಗಿ ಕಾಣುತ್ತಿದ್ದುದು ಒಂದೇ ಮನೆಯಲ್ಲಿರುವ ನನಗೆ ಗೊತ್ತಾಗಿರಲಿಲ್ಲ. ಎಲ್ಲೋ ಅಂಗಡಿಯಲ್ಲಿ ಕೂತವರಿಗೆ ಗೊತ್ತಾಯಿತು. ಏಕೆ ಗೊತ್ತಾಗಬೇಕು? ಹನ್ನೊಂದು ಭಾನುವಾರದಿಂದ ಇಬ್ಬರೂ ಹೆಸರು ಬೀಳುವ ಮೊದಲೇ ಬಂದು ಕೂರುತ್ತಾರೆ. ಇಂಟರ್‌ವಲ್‌ನಲ್ಲಿ ಕನ್ನಡಕದವರು ಮೂರು ಟೀ ತರುತ್ತಾರೆ, ಮೂರನೆಯದು ನನಗೆ. ಗೇಟಿನವನಿಗೆ ಟೀ ತಂದ ಪ್ರೇಕ್ಷಕನನ್ನು ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ಸುಮ್ಮಸುಮ್ಮನೆ ಯಾರಾದರೂ ಕೈ ಸುಟ್ಟುಕೊಳ್ಳುತ್ತಾರೆಯೇ?

ಹೋದ ಭಾನುವಾರ ಜಟಾಪಟಿಯೇ ಆಯಿತು. ಚಿತ್ರದಲ್ಲಿ, ವರ್ಷಗಳ ಮೇಲೆ ಊರಿಗೆ ಮರಳಿದ ಒಬ್ಬ ಮನುಷ್ಯ, ಅಣ್ಣ-ತಂಗಿ ಇಬ್ಬರೇ ಇರುವ ಮನೆಯ ಬಾಗಿಲು ತಟ್ಟುತ್ತಾನೆ. ಅವನೇ ಖಳ ಎಂದೆ. ಅವರು, ಅಲ್ಲ, ಆ ಅಣ್ಣನೇ ಎಂದರು. ಸಿನಿಮಾದಲ್ಲೇ ಬಿದ್ದಿರುವವನಿಗೆ ಸಿನಿಮಾ ಪಾಠ ಹೇಳಬೇಡಿ ಎಂದೆ. ಅವರು ಟೀ ಊದುತ್ತಾ, "ನೀವು ಮೊದಲ ಕಾಲು ಗಂಟೆ ನೋಡಿದ್ರಾ?" ಅಂದರು. ನಿನ್ನಮ್ಮ ಕಿಸಕ್ಕನೆ ನಕ್ಕಳು. "ಇವ್ನೆಲ್ಲಿ ನೋಡ್ತಾನೆ? ತಡವಾಗಿ ಬಂದೋರಿಗೆ ಸೀಟು ತೋರ್ಸೋದ್ರಲ್ಲೇ ಅದು ಮುಗ್ದೋಗಿರತ್ತೆ" ಅಂದಳು. ಅದು ನಿಜ. ಯಾವ ಚಿತ್ರದ ಆರಂಭವನ್ನೂ ನಾನು ಕಂಡವನಲ್ಲ. ಆದರೆ ಅವರು ಮಾತ್ರ ನಗಲಿಲ್ಲ, ನನ್ನನ್ನೇ ನೋಡಿದರು. ಏಕೆ ನಗಲಿಲ್ಲ? ಅದೇ ನನ್ನ ದೊಡ್ಡ ಸಂಶಯ.

ಆದ್ದರಿಂದ ಆರು ತಿಂಗಳು ತಡೆ. ಅಷ್ಟರಲ್ಲಿ ಅವರ ಬಣ್ಣ ಬಯಲಾಗದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ.

ಇಂತಿ,
ಕತ್ತಲಲ್ಲೂ ದಾರಿ ತಪ್ಪದ
ನಿನ್ನ ಟಾರ್ಚ್ ಮಾವ

ಮತ್ತೊಂದು ಮಾತು: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿನಗೂ ಮೊದಲ ಕಾಲು ಗಂಟೆ ತೋರಿಸದೆಯೇ ತೀರ್ಪು ಕೊಟ್ಟುಬಿಟ್ಟೆ. ಆಗ ನಿನಗೆ ನಾಲ್ಕು ವರ್ಷ, ನಿನ್ನಪ್ಪ ತೀರಿಕೊಂಡು ಎರಡು ವರ್ಷ. ಇದೇ ಮನುಷ್ಯ ನಮ್ಮ ಬಾಗಿಲಿಗೆ ಬಂದು, ನನ್ನನ್ನು ಮದುವೆಯಾಗುತ್ತಾರಾ ಎಂದು ನಿಮ್ಮಕ್ಕನನ್ನು ಒಂದು ಮಾತು ಕೇಳಿ ಹೇಳಿ ಎಂದಿದ್ದರು. ಮರುದಿನ, ಅವಳಿಗೆ ಇಷ್ಟವಿಲ್ಲ ಎಂದು ಕಳಿಸಿದೆ. ಅವಳನ್ನು ನಾನು ಕೇಳಿರಲೇ ಇಲ್ಲ. ನೀನಾಗ ನನ್ನ ಹೆಗಲ ಮೇಲೆ ಕೂತೇ ಸಿನಿಮಾ ನೋಡುತ್ತಿದ್ದೆ. ನೀವಿಬ್ಬರೂ ಹೋದರೆ ಮನೆಯಲ್ಲಿ ನಾನೊಬ್ಬನೇ ಎಂದು ಹೆದರಿದೆ. ಅವರು ಬೇರೆ ಊರಿಗೆ ಹೋದರು, ಹೋದ ವರ್ಷ ಮರಳಿದರು. ಅವಳ ಜೊತೆ ನಾಲ್ಕು ಮಾತಾಡುತ್ತಲೇ ನನ್ನ ಸುಳ್ಳು ಅವರಿಗೆ ತಿಳಿದಿರಬೇಕು. ಅವರು ಅದನ್ನು ಅವಳಿಗೆ ಹೇಳಿಲ್ಲ, ಹೇಳಿದ್ದರೆ ನನ್ನ ತಟ್ಟೆಗೆ ಊಟ ಬೀಳುತ್ತಿರಲಿಲ್ಲ. ಹೇಳುವ ಬದಲು ಟೀ ತರುತ್ತಾರೆ.

ಆರು ತಿಂಗಳೂ ಬೇಡ, ಮೀಸೆಯೂ ಬೇಡ. ಹೂಂ ಎಂದು ಬರೆದುಬಿಡು.

ನಿನ್ನಮ್ಮ ಇವತ್ತಿನ ಮ್ಯಾಟಿನಿಗೆ ಬಂದಾಗ, ಅಂಚೆಗೆ ಹಾಕು ಎಂದು ಈ ಕಾಗದವನ್ನು ಅವಳ ಕೈಗೇ ಕೊಡುತ್ತೇನೆ. ಲಕೋಟೆಗೆ ಅಂಟು ಹಚ್ಚಿಲ್ಲ. ಈಗ ಅವಳಿಗೆ ಎಷ್ಟು ಸಣ್ಣ ಅಕ್ಷರವೂ ಕಾಣುತ್ತದೆ. ನಿನಗೆ ತಲುಪುವಾಗ ಅದು ಅಂಟಿದ್ದರೆ, ಓದಿ ಅಂಟಿಸಿದವಳು ಅವಳೇ ಎಂದು ತಿಳಿ.