ಕೆಂಪು ಬಟನ್ ಒತ್ತಿದಾಕಿ

ಕಮಲಾಪುರ
೧೮ ಡಿಸೆಂಬರ್ ೨೦೨೫

ರೇವತಿ ಅಪ್ಪನವರಿಗೆ,

ನಿಮ್ಮ ಸೂಗಮ್ಮನ ಶರಣಾರ್ಥಿ. ಛತ್ತೀಸಗಡದ ಕಾಡಿನಾಗ ಈಗ ಥಂಡಿ ಬಾಳ ಅಂತಾರ. ಮೊಣಕಾಲ ನೋವು ಹೆಂಗದ? ನಾ ಕೊಟ್ಟ ಎಣ್ಣಿ ಹಚ್ಚಿಕೋತೀರೋ, ಟ್ರಂಕಿನಾಗ ಹಂಗೇ ಇಟ್ಟೀರೋ? ಸಿಆರ್‌ಪಿಎಫ್‌ನವರಿಗೆ ಕಾಲೇ ಆಸ್ತಿ ಅಂತ ನೀವೇ ಅಂತಿದ್ರಿ, ನೀವೇ ಅದನ್ನ ನೋಡಿಕೊಳ್ಳೂದಿಲ್ಲ. ಅತ್ತಿಯವರು ಆರಾಮ ಅದಾರ. ಮುಂಜಾನೆ ಬಿಸಲಿಗಿ ಕುಂತು ಹಸಿ ತೊಗರಿ ಸುಲೀತಾರ, ನಿಮ್ಮನ್ನ ನೆನಸಿ ನನ್ನ ಬೈತಾರ. ಫೋನಿನಾಗ ನಿಮ್ಮ ಕಡೆ ಮಾತು ಕಡದು ಕಡದು ಹೋಗ್ತದ. ನಾ ಹೇಳಿದ್ದರಾಗ ಅರ್ಧ ನಿಮಗ ಮುಟ್ಟತದ, ಉಳದರ್ಧ ಸಿಟ್ಟಾಗಿ ನನಗೇ ತಿರುಗಿ ಬರ್ತದ. ಅದಕ್ಕ ಬರ್ಯಾಕತ್ತೀನಿ.

ಗುರುಲಿಂಗ ಭಾವನವರು ನಿಮಗ ಏನು ಹೇಳ್ಯಾರೋ ಗೊತ್ತಿಲ್ಲ. ಅವರು ನಿಮ್ಮ ಅಣ್ಣ, ನಾ ಎದುರಾಡೂದಿಲ್ಲ. ಆದ್ರ ಆ ಅಪಘಾತ ಆದಾಗ ಅವರು ಅಲ್ಲಿ ಇರಲಿಲ್ಲ, ರೇವತಿ ಇದ್ದಳು. ಹತ್ತನೇ ಕ್ಲಾಸಿನ ಹುಡುಗರಿಗೆ ಸಾಲ್ಯಾಗ ವೈರಿಂಗ್, ಪಂಪು, ಮೋಟಾರ್ ರಿಪೇರಿ ಕಲಸ್ತಾರಲ್ಲ, ಆ ಫರೀದಾ ಟೀಚರ್ ಹುಡುಗರನ್ನ ನಂದೂರಿನ ಒಂದು ಬ್ಯಾಳಿ ಮಿಲ್ಲಿಗೆ ಕರಕೊಂಡು ಹೋಗಿದ್ರು. ದೊಡ್ಡ ಮೋಟಾರ್ ಖರೇನ ಹೆಂಗ ಓಡತದ ಅಂತ ತೋರಸ್ಲಾಕ. ನಿಮಗ ಇನ್ನೊಂದು ಮಾತು ಹೇಳಬೇಕು. ಗಣಿತದ ಪುಸ್ತಕ ತೆರದ್ರ ತೂಕಡಸತಿದ್ದ ನಿಮ್ಮ ಮಗಳು, ಮೋಟಾರಿನ ತಂತಿ ಎಷ್ಟು ಸುತ್ತು ಸುತ್ತಬೇಕಂತ ಲೆಕ್ಕ ಹಾಕ್ಲಾಕ ಹತ್ತಿದ ಮ್ಯಾಲ ಆ ಪುಸ್ತಕಾನ ತಾನೇ ಹುಡುಕಿ ತಗೀತಾಳ. ನಾನಂತೂ ಏನೂ ಮಾಡಿಲ್ಲ, ಟ್ಯೂಷನ್‌ಗೂ ಹಚ್ಚಿಲ್ಲ.

ಮಿಲ್ಲಿನಾಗ ಟೀಚರ್ ಮೊದಲೇ ಹೇಳಿದ್ರಂತ, ಜಡಿ ಒಳಗ ಸೇರಸ್ರಿ, ಏನೂ ಮುಟ್ಟಬ್ಯಾಡ್ರಿ, ಎಲ್ಲಾಕಿಂತ ಮೊದಲ ಮಷಿನ್ ನಿಲ್ಲಸೂ ಕೆಂಪು ಬಟನ್ ಎಲ್ಲಿ ಅದ ನೋಡಿಕೋರಿ ಅಂತ. ತೊಗರಿ ಸುಗ್ಗಿ, ಮಿಲ್ಲಿಗೆ ಪುರಸೊತ್ತಿಲ್ಲ. ಕೈ ಸಿಗಬಾರದಂತ ಬೆಲ್ಟಿನ ಮ್ಯಾಲ ಹಾಕೂ ಕಬ್ಬಿಣದ ಜಾಳಗಿ ಅಡ್ಡ ಬರ್ತದಂತ ಮಿಲ್ಲಿನವರು ಬಿಚ್ಚಿ ಗ್ವಾಡಿಗೆ ಆನಸಿದ್ರಂತ. ಟೀಚರ್ ಆ ಕಡೆ ಉಳಿದ ಹುಡುಗರ ಕೂಡ ಇದ್ದಾಗ ಆಳುಗಳನ್ನ ನೋಡಿಕೊಳ್ಳೂ ಮುಕಾದಮ, ನಮ್ಮ ಓಣಿ ಹಣಮಮ್ಮನ ಮಗಳು, ರೇವತಿ ಕ್ಲಾಸಿನ ಪಂಚಶೀಲಾಗ, “ಏ ಹುಡುಗಿ, ಅಲ್ಲಿ ಬಿದ್ದ ಬ್ಯಾಳಿ ಈ ಕಡೆ ಸರಸು” ಅಂದಾನ. ದೊಡ್ಡವರು ಹೇಳಿದ್ರಂತ ಆ ಕೂಸು ಬಗ್ಗೇದ. ಬೆಲ್ಟ್ ಕೈ ಎಳಕೊಂಡದ. ಎಲ್ಲಾರೂ ಚೀರ್ಯಾರ, ಆಳುಗಳು ನಿಂತಲ್ಲೇ ನಿಂತಾರ. ರೇವತಿ ಓಡಿ ಹೋಗಿ ಕೆಂಪು ಬಟನ್ ಒತ್ತ್ಯಾಳ. ಮಿಲ್ಲು ನಿಂತದ.

ಕಲಬುರಗಿ ದವಾಖಾನ್ಯಾಗ ಪಂಚಶೀಲಾನ ಬಲಗೈದು ಎರಡು ಬಟ್ಟು ಉಳೀಲಿಲ್ಲ. ಇನ್ನ ಸ್ವಲ್ಪ ತಡ ಆಗಿದ್ರ ಕೈಯೇ ಹೋಗತಿತ್ತು ಅಂದ್ರು ಡಾಕ್ಟರು. ನಮ್ಮ ಹುಡುಗಿ ಯುನಿಫಾರ್ಮಿಗೆ ರಕ್ತ ಹಚ್ಚಿಕೊಂಡು ಮನಿಗಿ ಬಂದು, ನಲ್ಲಿ ಕೆಳಗ ಕುಂತು ತಿಕ್ಕಿದ್ದೇ ತಿಕ್ಕಿದ್ದು. “ಅವ್ವಾ, ನಾ ಜರಾ ಮೊದಲ ಓಡಿದ್ರ?” ಅಂದಳು. ಖರೇ ಹೇಳತೀನಿ, ಅವತ್ತು ನಾನೂ ಅಂದೀನಿ, ಸಾಕವ್ವ ಈ ಕ್ಲಾಸು, ಬಿಟ್ಟುಬಿಡು ಅಂತ.

ಮರುವಾರ ಸಾಲ್ಯಾಗ ಪಾಲಕರ ಸಭಾ ಆತು. ಭಾವನವರು ಎದ್ದು, “ಹೆಣ್ಣುಮಕ್ಕಳಿಗಿ ತಂತಿ, ನಟ್ಟು ಬಿಚ್ಚೂ ಪಾನಾ ಯಾಕ? ಓದಲಿ, ಬರೀಲಿ, ಸಾಕು” ಅಂದ್ರು. ಎಲ್ಲಾರೂ ಹೂಂ ಅಂದ್ರು. ಟೀಚರ್‌ನ ಬೈದವರೇ ಬಾಳ ಮಂದಿ, ಮಿಲ್ಲಿನವರ ಹೆಸರು ಒಬ್ಬರೂ ಎತ್ತಲಿಲ್ಲ. ಆ ಫರೀದಾ ಟೀಚರ್ ತಲಿ ತಗ್ಗಿಸಿ ನಿಂತಿದ್ದು ನೋಡಿ ನನಗ ಸಂಕಟ ಆತು. ಆಗ ಹಿಂದಿನ ಸಾಲಿನಿಂದ ಹಣಮಮ್ಮ ಎದ್ದಳು. ಅಕಿ ಬಂದಾಳಂತ ಯಾರಿಗೂ ಗೊತ್ತಿರಲಿಲ್ಲ. “ನನ್ನ ಮಗಳ ಬಟ್ಟು ಹೋಗ್ಯಾವ, ಕ್ಲಾಸ್ ಮುಚ್ಚಿದ್ರ ತಿರುಗಿ ಬರ್ತಾವೇನ್ರಿ? ನಾಳಿಗಿ ನಮ್ಮ ಹುಡುಗ್ಯಾರು ಕೂಲಿಗಿ ಅದೇ ಮಿಲ್ಲಿಗೆ ಹೋಗ್ತಾರ. ಬಟನ್ ಎಲ್ಲದ ಅಂತ ಅವತ್ತು ಯಾರು ಹೇಳಿ ಕೊಡತೀರಿ? ಜಾಳಗಿ ಹಾಕಸ್ರಿ ಮೊದಲ” ಅಂದಳು.

ನಾ ಎದ್ದು ನಿಂತೆ. ಭಾವನವರು ನನ್ನ ಕಡೆ ನೋಡಿದ್ರು. ಸೆರಗು ಸರಿ ಮಾಡಿಕೊಂಡು, “ರೇವತಿ ಈ ಕ್ಲಾಸ್ ಬಿಡೂದಿಲ್ಲ” ಅಂದೆ, ಅಷ್ಟೇ.

ಇಷ್ಟಾದ್ರೂ ಏನೂ ಸರಿ ಆಗ್ಯದಂತ ತಿಳಕೋಬ್ಯಾಡ್ರಿ. ವಿಚಾರಣಿ ಮುಗಿಯೂತನಕ ಆ ಕ್ಲಾಸಿನ ಖೋಲಿಗಿ ಕೀಲಿ ಹಾಕ್ಯಾರ, ಟೀಚರ್‌ಗ ಮನ್ಯಾಗ ಇರು ಅಂದಾರ. ಮಿಲ್ಲು ಮಾತ್ರ ಓಡಾಕತ್ತದ. ಭಾವನವರು ನಮ್ಮ ಮನಿ ಕಟ್ಟಿ ಹತ್ತಿಲ್ಲ. ಪಂಚಶೀಲಾ ಯಾರ ಕೂಡನೂ ಮಾತಾಡೂದಿಲ್ಲ, ರೇವತಿ ದಿನಾ ಸಂಜಿಗಿ ಹೋಗಿ ಅಕಿ ಬಾಜೂಕ ಸುಮ್ಮನ ಕುಂತು ಬರ್ತಾಳ. ನನಗ ಅಂಜಿಕಿ ಹೋಗಿಲ್ಲ. ಆದ್ರ ಕಲೀದೇ ಇದ್ದ ಕೈಗೂ ಬೆಲ್ಟ್ ಅದೇ, ಕಲತ ಕೈಗೂ ಬೆಲ್ಟ್ ಅದೇ, ಕಲತ ಕೈಗಿ ಬಟನ್ ಎಲ್ಲದಂತ ಗೊತ್ತಿರ್ತದ ಅಷ್ಟೇ. ಅದನ್ನ ವಿಚಾರ ಮಾಡಿದಾಗೊಮ್ಮೆ ನನ್ನ ಮಗಳು ಕಲೀಲಿ ಅನಸ್ತದ.

ಅತ್ತಿಯವರು ನಿಮಗ ಆಶೀರ್ವಾದ ತಿಳಸ್ಯಾರ, ರೇವತಿ ನಮಸ್ಕಾರ ಹೇಳ್ಯಾಳ. ಡ್ಯೂಟಿ ಮ್ಯಾಲ ಜ್ವಾಕಿ ಇರ್ರಿ, ಹೊತ್ತಿಗಿ ಸರಿಯಾಗಿ ಉಣ್ರಿ.

ನಿಮ್ಮ
ಸೂಗಮ್ಮ

ತಾ.ಕ.: ರಜಾ ಮುಗಿಸಿ ನಿಮ್ಮ ಕ್ಯಾಂಪಿಗೆ ಹೊಂಟ ಲಾಲ್ ಅಹ್ಮದ್ ಭಾಯಿ ಪತ್ರ ಒಯ್ಯಾಕ ಬಾಗಲಾಗ ನಿಂತಾರ, ಬಸ್ಸಿನ ಹೊತ್ತಾಗ್ಯದ. ನೀವು ಹೆಡ್‌ಮಾಸ್ತರಿಗಿ ಫೋನ್ ಮಾಡಿ, ಆ ಕ್ಲಾಸಿನಿಂದ ನಮ್ಮ ಹುಡುಗಿ ಹೆಸರು ತಗೀರಿ ಅಂದೀರಂತ. ಅವರು ನನಗ ಹೇಳಿದ್ರು, ತಗೀಬ್ಯಾಡ್ರಿ ಅಂದು ಬಂದೀನಿ. ರೇವತಿಗಿ ಇದು ಗೊತ್ತಿಲ್ಲ. ಅಪ್ಪ ಏನಂದ್ರು ಅಂತ ಕೇಳಿದಳು. “ಅಂಜಬ್ಯಾಡ, ಕಲಿ ಅಂದಾರ” ಅಂತ ಹೇಳಿಬಿಟ್ಟೀನಿ. ಮಿಲ್ಲಿಗೆ ಹೋಗಿ ಬಂದ ದಿನದಿಂದ ಮೊದಲನೇ ಸಲ ಅವತ್ತು ಅಕಿ ಹೊಟ್ಟಿ ತುಂಬ ಉಂಡಾಳ. ಸಿಟ್ಟಿದ್ರ ಬಂದು ನನ್ನ ಮ್ಯಾಲ ತೀರಿಸಿಕೋರಿ. ಅಕಿಗಿ ಒಂದು ಫೋನ್ ಮಾಡಿ ನನ್ನ ಸುಳ್ಳು ಖರೇ ಮಾಡ್ರಿ.