ಸ್ವರದ ಪಕ್ಕದ ಚುಕ್ಕೆ

ಅಪ್ಪಾ,

ನೀವು ಕಣ್ಮುಚ್ಚಿದ ಮೇಲೆ ಇವತ್ತೇ ಮೊದಲು ಈ ಜರ್ಮನ್ ಅರಮನೆಗೆ ನಮ್ಮ ಫ್ರೆಂಚ್ ಕುಣಿತದ ಸಂಗೀತ ಬೇಕಾಯಿತು. ಸಂಗೀತದ ಯಜಮಾನ ಗ್ರೋಸ್‌ಕುರ್ಟ್ ಹೊಸ ಕೃತಿ ಕಟ್ಟಿದ್ದಾನೆ. ಅರ್ಧ ಇಟಲಿಯವರ ಓಡುವ ಧಾಟಿ, ಅರ್ಧ ನಮ್ಮ ಕುಣಿತದ ಧಾಟಿ. ಇಟಲಿಯದನ್ನು ಜರ್ಮನ್ ಪಿಟೀಲಿನವರು ಚೆನ್ನಾಗಿಯೇ ನುಡಿಸಿದರು. ನಮ್ಮದನ್ನು ಮಾತ್ರ ಕಾಗದದಲ್ಲಿದ್ದಂತೆ ಒಂದೇ ಸಮ ನುಡಿಸಿದರು. ಕುಣಿಯುವವರ ಕಾಲೇ ಏಳಲಿಲ್ಲ.

"ನಿಮ್ಮಪ್ಪ ಬಾರಿಸಿದ್ರೆ ಹಿಂಗಾಗ್ತಿರ್ಲಿಲ್ಲ ಕಣಯ್ಯಾ. ನಿಂಗೇನೂ ಹೇಳ್ಕೊಡ್ಲಿಲ್ವಾ?" ಎಂದು ಗ್ರೋಸ್‌ಕುರ್ಟ್ ನನ್ನನ್ನು ಕೇಳಿದ.

ನಾನು ಪಿಟೀಲು ಎತ್ತಿ ನುಡಿಸಿದೆ. ಒಂದು ಸ್ವರ ಉದ್ದ, ಮುಂದಿನದು ಗಿಡ್ಡ. ನೀವು ಎಂದೂ ಕಾಗದಕ್ಕೆ ಇಳಿಸದೆ ಕೈ ಹಿಡಿದು ಕಲಿಸಿದ ಹಾಗೆ. ಎಲ್ಲರೂ ಕುಣಿದರು. "ಇನ್ನೊಂದ್ಸಲ, ನಿಧಾನವಾಗಿ" ಎಂದ ಗ್ರೋಸ್‌ಕುರ್ಟ್. ಹಿಗ್ಗಿನಲ್ಲಿ ಮತ್ತೆ ನುಡಿಸಿದೆ. ನಕಲು ಬರೆಯುವವನು ನನ್ನ ಬೆನ್ನ ಹಿಂದೆಯೇ ಕೂತು ಉದ್ದ ಸ್ವರಗಳ ಪಕ್ಕ, ಇದನ್ನು ಎಳೆಯಬೇಕು ಎಂಬ ಗುರುತಿಗೆ, ಒಂದೊಂದು ಚುಕ್ಕೆ ಇಡುತ್ತಿದ್ದುದನ್ನು ಆಮೇಲೆ ನೋಡಿದೆ.

"ಇನ್ಮೇಲೆ ಇದನ್ನ ಯಾರು ಬೇಕಾದ್ರೂ ಬಾರಿಸ್ಬಹುದು," ಎಂದ ಗ್ರೋಸ್‌ಕುರ್ಟ್. "ನಾಳೆಯಿಂದ ನೀನು ಬರೋದು ಬೇಡಪ್ಪಾ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪನ ಥರಾನೇ ಬಾರಿಸ್ದ್ಯೇನೋ?"

"ಹೂಂ. ಎಲ್ರೂ ಕುಣಿದ್ರು."

"ಸರಿ ಬಿಡು, ಇನ್ನು ನಿನ್ನ ಕೆಲಸ ಗಟ್ಟಿ," ಎಂದು ಸೂಪು ಬಡಿಸಿದಳು. ಅವಳಿಗಿನ್ನೂ ಹೇಳಿಲ್ಲ.

ಜೆರೆಮಿ